ಗಾಡಿ ಕೆಟ್ಟಾಗ ಯಾರ ಕೈ? ನಮ್ಮದೋ, ದೋಸ್ತಂದೋ, ಮಿಸ್ತ್ರೀದೋ?

"ತಾನು ಮಾಡೋದು ಉತ್ತಮ, ಮಗ ಮಾಡೋದು ಮಧ್ಯಮ, ಆಳು ಮಾಡೋದು ಹಾಳು" ಅಂತ ನಮ್ಮ ಹಿರ್ಯಾರು ಹೇಳ್ಯಾರ. ಹೊಲದ ಕೆಲಸ ನೋಡಿ ಹುಟ್ಟಿದ ಮಾತದು. ಆದ್ರ ಅದರಾಗ ಒಬ್ಬಾಂವನ ಹೆಸರಽ ಇಲ್ಲ ನೋಡ್ರಿ. ದೋಸ್ತ. ದೋಸ್ತ ಮಾಡಿದ ಕೆಲಸ ಉತ್ತಮನೋ, ಮಧ್ಯಮನೋ, ಹಾಳೋ ಅಂತ ಯಾರೂ ಹೇಳಿಟ್ಟು ಹೋಗಿಲ್ಲ.

ಈಗ ನಮ್ಮ ಓಣ್ಯಾಗ ಭಾಳ ಮನಿ ಮುಂದ ಕಾರು ನಿಂತಾವ. ಹೊಸಾದಿದ್ದಾಗ ಏನೂ ಇರಂಗಿಲ್ಲ. ಏಳೆಂಟು ವರ್ಷ ಆತು ಅಂದ್ರ ದೊಡ್ಡ ಕೆಲಸ ಬರ್ತದ. ಕ್ಲಚ್ ಪ್ಲೇಟು, ಹೆಡ್ ಗ್ಯಾಸ್ಕೆಟ್ಟು, ಗೇರ್ ಬಾಕ್ಸು, ಬ್ರೇಕು. ಆವಾಗ ಮನ್ಯಾಗ ಗಂಡಸರು ಕೂತು ಮಾತಾಡ್ತಾರ. ಒಬ್ಬರು "ನಮ್ಮ ದೋಸ್ತ ಇದ್ದಾನ, ಅವಂಗ ಕೊಡೋಣ" ಅಂತಾರ. ಹುಡುಗ್ರು "ಯಾಕ ರೊಕ್ಕ ಹಾಳ ಮಾಡ್ತೀರಿ, ಮೊಬೈಲ್‌ನಾಗ ವಿಡಿಯೋ ನೋಡಿ ನಾನಽ ಬಿಚ್ತೀನಿ" ಅಂತಾವ. ಆ ಗಾಡ್ಯಾಗ ಮೊಮ್ಮಕ್ಕಳನ್ನ ತೊಡೀ ಮ್ಯಾಲೆ ಕೂಡಿಸಿಕೊಂಡು ಹೋಗೋರು ನಾವು. ರೊಕ್ಕ ಹೋಗೋದು ಮನೀ ಖರ್ಚಿನಾಗಿಂದ. ದೋಸ್ತಿ ಕೆಟ್ರ ಅವರ ಮನೀ ಅರಿಷಿಣ ಕುಂಕುಮಕ್ಕ ಹೋಗೋದು ಬಿಡೋರೂ ನಾವಽ. ಆದ್ರ ಆ ಮಾತಿನಾಗ ನಮ್ಮನ್ನ ಯಾರೂ ಕೇಳಂಗಿಲ್ಲ, "ನಿಮಗೇನು ತಿಳೀತದ" ಅಂತಾರ. ಅದಕ್ಕ ಕಾರು ಹುಟ್ಟಿದಾಗಿಂದ ಇಲ್ಲೀತನಕ ಅದನ್ನ ಯಾರು ರಿಪೇರಿ ಮಾಡಿದ್ರು, ಯಾರನ್ನ ನಂಬಿದ್ರು, ನಂಬಿದ್ದಕ್ಕ ಏನಾತು ಅಂತ ಸ್ವಲ್ಪ ಹಿಂದ ಹೋಗಿ ನೋಡೋಣ.

ಮೊದಲನೇ ರಿಪೇರಿ ಹೆಣ್ಣಮಗಳದು

ಕಾರ್ಲ್ ಬೆಂಜ್ ಅಂತ ಜರ್ಮನಿಯವರು 1886ರ ಜನವರಿ 29ಕ್ಕ ತಮ್ಮ ಮೂರು ಗಾಲಿ ಮೋಟಾರು ಗಾಡಿಗೆ ಪೇಟೆಂಟ್ ಹಾಕಿದ್ರು. ಮರ್ಸಿಡಿಸ್ ಬೆಂಜ್ ಅಂತೀವಲ್ಲ, ಅದರಾಗಿನ ಬೆಂಜ್ ಇವರದಽ ಹೆಸರು. ಆದ್ರ ಕಥಿ ಅದಕ್ಕೂ ಹದಿನೈದು ವರ್ಷ ಹಿಂದ ಶುರು ಆಗ್ತದ. 1871ರಾಗ ಕಾರ್ಲ್ ಅವರು ಆಗಸ್ಟ್ ರಿಟ್ಟರ್ ಅನ್ನೋ ಪಾಲುದಾರನ ಜೋಡಿ ಮಾನ್‌ಹೈಮ್ ಊರಾಗ ಒಂದು ಸಣ್ಣ ಕಾರ್ಖಾನಿ ತಗದಿದ್ರು. ಆ ಪಾಲುದಾರ ನಂಬಲಿಕ್ಕೆ ಆಗೋ ಮನುಷ್ಯಾ ಆಗಿರಲಿಲ್ಲ, ಕಾರ್ಖಾನಿ ಮುಳುಗೋ ಹಂತಕ್ಕ ಬಂತು. ಆಗ ಕಾರ್ಲ್‌ಗೆ ಮದಿವಿ ಗೊತ್ತಾಗಿತ್ತು, ಇನ್ನೂ ಆಗಿರಲಿಲ್ಲ. ಹುಡುಗಿ ಬರ್ಥಾ. ಆಕಿ ತನ್ನ ವರದಕ್ಷಿಣಿ ರೊಕ್ಕ ಮುಂಚೇನಽ ತರಿಸಿಕೊಟ್ಟಳು, ಆ ರೊಕ್ಕದಾಗ ರಿಟ್ಟರ್‌ನ ಪಾಲು ಕೊಟ್ಟು ಅವನ್ನ ಬಿಡಿಸಿದ್ರು. 1872ರ ಜುಲೈನಾಗ ಮದಿವಿ ಆತು. ಅಂದ್ರ ಮೋಟಾರು ಗಾಡಿ ಹುಟ್ಟೋದಕ್ಕೂ ಮೊದಲಽ ಪಾಲುದಾರನ ಮ್ಯಾಲೆ ಇಟ್ಟ ನಂಬಿಕಿ ಕೆಟ್ಟು, ಹೆಣ್ಣಮಗಳ ರೊಕ್ಕದಾಗ ಅದು ರಿಪೇರಿ ಆಗಿತ್ತು.

ಗಾಡಿ ತಯಾರಾದ್ರೂ ಜನ ತಗೊಳ್ಳಲಿಕ್ಕೆ ಮುಂದ ಬರಲಿಲ್ಲ. 1888ರ ಆಗಸ್ಟ್‌ನಾಗ ಬರ್ಥಾ ಗಂಡಗ ಹೇಳದಽ ಇಬ್ಬರು ಗಂಡುಮಕ್ಕಳು ಆಯ್ಗನ್ ಮತ್ತ ರಿಚರ್ಡ್‌ನ ಕರಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಗಾಡಿ ತಗೊಂಡು ಹೊಂಟಳು. ಸುಮಾರು 100 ಕಿಲೋಮೀಟರ್ ದಾರಿ. ಅಷ್ಟು ದೂರ ಆವಾಗ ಯಾರೂ ಮೋಟಾರಿನಾಗ ಹೋಗಿರಲಿಲ್ಲ. ಪೆಟ್ರೋಲ್ ಬಂಕು ಅಂಬೋದಽ ಇರಲಿಲ್ಲ. ದಾರ್ಯಾಗ ವೀಸ್‌ಲೋಖ್ ಊರಿನ ಔಷಧದ ಅಂಗಡ್ಯಾಗ ಕಲೆ ತಗ್ಯೋ ಲಿಗ್ರೋಯಿನ್ ಕೊಂಡು ಅದನ್ನಽ ಗಾಡಿಗೆ ಹಾಕಿದಳು. ಎಣ್ಣಿ ಹೋಗೋ ನಳಿಗಿ ಕಟ್ಟಿಕೊಂಡಾಗ ಟೊಪ್ಪಿಗಿ ಪಿನ್ನು ತಗದು ಚುಚ್ಚಿ ಸ್ವಚ್ಛ ಮಾಡಿದಳು. ಕಿಡಿ ಹಾರಸೋ ವಾಯರ್ ಉಜ್ಜಿ ಬರೀ ಆದಾಗ ಕಾಲುಚೀಲದ ಪಟ್ಟಿ ಸುತ್ತಿದಳು.

ಆದ್ರ ಎಲ್ಲಾ ತಾನಽ ಮಾಡಲಿಲ್ಲ. ಚೈನ್ ಸಡಿಲಾದಾಗ ಕಮ್ಮಾರನ ಕಡೆ ಹೋದಳು. ಇಳಿಜಾರಿನಾಗ ಬ್ರೇಕಿನ ಕಟ್ಟಿಗಿ ಸವದು ಹೋದಾಗ ಚಪ್ಪಲಿ ಹೊಲಿಯೋವನ ಕಡೆ ಹೋಗಿ ಬ್ರೇಕಿಗೆ ತೊಗಲು ಬಡಿಸಿದಳು. ಬ್ರೇಕಿಗೆ ಪಟ್ಟಿ ಹಾಕೋ ಪದ್ಧತಿ ಅಲ್ಲಿಂದಽ ಬಂತು ಅಂತಾರ. ಯಾವುದು ತನ್ನ ಕೈಯಾಗಿನ ಕೆಲಸ, ಯಾವುದು ಕಸುಬುದಾರನ ಕೆಲಸ ಅಂತ ನಿಂತ ಜಾಗಾದಾಗ ವಿಂಗಡಿಸಿದ್ಲಲ್ಲ, ಅದು ದೊಡ್ಡ ಮಾತು. ಕಮ್ಮಾರಗಾಗಲೀ ಚಪ್ಪಲಿ ಹೊಲಿಯೋವಗಾಗಲೀ ಮೋಟಾರು ಗೊತ್ತಿರಲಿಲ್ಲ, ಆದ್ರ ಕಬ್ಬಿಣ ಗೊತ್ತಿತ್ತು, ತೊಗಲು ಗೊತ್ತಿತ್ತು.

ಡ್ರೈವರ್ ಮತ್ತ ಕಮಿಷನ್

ಕಾರು ಶ್ರೀಮಂತರ ಮನಿಗೆ ಬಂದ ಮ್ಯಾಲೆ ಅದನ್ನ ನೋಡಿಕೊಳ್ಳಲಿಕ್ಕೆ ಒಬ್ಬ ಬೇಕಾದ. ಫ್ರೆಂಚ್‌ನಾಗ ಅವಂಗ 'ಶಾಫರ್' ಅಂತ ಹೆಸರು, ಅಂದ್ರ ಬೆಂಕಿ ಕಾಸೋವ. ಉಗಿ ಇಂಜಿನ್ ಕಾಲದಿಂದ ಬಂದ ಮಾತದು. ಅವ ಗಾಡಿ ಹೊಡೀತಿದ್ದ, ರಿಪೇರೀನೂ ಮಾಡ್ತಿದ್ದ. ಧಣಿಗೆ ಗಾಡಿ ಒಳಗ ಏನದ ಅಂತ ಒಂದೂ ತಿಳೀತಿರಲಿಲ್ಲ. 1900ರಿಂದ 1910ರ ನಡುವ ಅಮೇರಿಕದ ದೊಡ್ಡ ಊರುಗಳಾಗ ಇದಽ ಒಂದು ಜಗಳ ಆತು. ಡ್ರೈವರು ಗ್ಯಾರೇಜಿನವನ ಕಡಿಂದ ಕಮಿಷನ್ ತಿಂತಾನ, ಛಲೋ ಇದ್ದ ಸಾಮಾನು ಬದಲಿ ಮಾಡಸ್ತಾನ, ಧಣಿ ಮಲಗಿದ ಮ್ಯಾಲೆ ಗಾಡಿ ತಗೊಂಡು ತಿರಗಲಿಕ್ಕೆ ಹೋಗ್ತಾನ ಅಂತ ಪೇಪರಿನಾಗೆಲ್ಲಾ ಬರೀತಿದ್ರು. ಮನ್ಯಾಗ ಉಂಡು ಮಲಗೋ ಮನುಷ್ಯಾನಽ ಇದ್ರೂ ನಂಬಿಕಿ ಉಳೀಲಿಲ್ಲ. ಯಾಕಂದ್ರ ಒಬ್ಬಗ ಎಲ್ಲಾ ಗೊತ್ತು, ಇನ್ನೊಬ್ಬಗ ಏನೂ ಗೊತ್ತಿಲ್ಲ. ಅಂಥಲ್ಲೆ ನಂಬಿಕಿ ನಿಲ್ಲೋದು ಕಠಿಣ.

ಇದಽ ಕಾಲದಾಗ, 1909ರಾಗ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಅನ್ನಾಕಿ 'ದಿ ವುಮನ್ ಅಂಡ್ ದಿ ಕಾರ್' ಅಂತ ಪುಸ್ತಕ ಬರದಳು. ಹೆಣ್ಣಮಕ್ಕಳು ತಮ್ಮ ಗಾಡಿ ತಾವಽ ಹೊಡೀಬಹುದು, ಸಣ್ಣ ಪುಟ್ಟ ಕೆಲಸ ತಾವಽ ಮಾಡಿಕೋಬಹುದು ಅಂತ ಅದರಾಗ ಹೇಳ್ಯಾಳ. ಕೈಗನ್ನಡಿ ಇಟ್ಟುಕೊಂಡು ಹಿಂದ ಬರೋ ಗಾಡಿ ನೋಡ್ರಿ ಅಂತಾನೂ ಬರದಾಳ. ಗಾಡಿಗೆ ಹಿಂದ ನೋಡೋ ಕನ್ನಡಿ ಹಚ್ಚೋ ರೂಢಿ ಬಂದದ್ದು ಅದರ ಮುಂದ.

ಅದಽ ವರ್ಷ ಅಮೇರಿಕದಾಗ ಆಲಿಸ್ ರಾಮ್ಸಿ ಅನ್ನೋ 22 ವರ್ಷದ ಹೆಣ್ಣಮಗಳು ಜೂನ್ 9ಕ್ಕ ನ್ಯೂಯಾರ್ಕ್ ಬಿಟ್ಟು ಆಗಸ್ಟ್ 7ಕ್ಕ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿದಳು. 59 ದಿನ, 3800 ಮೈಲಿ. ಜೋಡಿ ಇಬ್ಬರು ನಾದಿನಿಯರು, ಒಬ್ಬಾಕಿ ಗೆಳತಿ. ಆ ಮೂವರಿಗೂ ಗಾಡಿ ಹೊಡೀಲಿಕ್ಕೆ ಬರ್ತಿರಲಿಲ್ಲ. ಹನ್ನೊಂದು ಸಲ ಟೈರ್ ಬದಲಿ ಮಾಡಿದಳು, ಪ್ಲಗ್ ತಗದು ಒರಸಿದಳು, ಮುರದ ಬ್ರೇಕ್ ಪೆಡಲ್ ಸರಿ ಮಾಡಿಕೊಂಡಳು. ರೇಡಿಯೇಟರ್‌ನಾಗ ನೀರು ಖಾಲಿ ಆದಾಗ ನಾದಿನಿಯರು ತಮ್ಮ ಹಲ್ಲುಜ್ಜೋ ಬ್ರಶ್ ಇಡೋ ಗಾಜಿನ ಬಾಟಲಿ ಒಳಗ ಗಟಾರದ ನೀರು ತುಂಬಿ ತಂದು ಹಾಕಿದ್ರು. ದೊಡ್ಡ ಸಾಮಾನು ಬೇಕಾದಾಗ ಮಾತ್ರ ಗಾಡಿ ಕಂಪನಿಯವರು ಕಳಿಸಿಕೊಟ್ರು. ಬರ್ಥಾ ಮಾಡಿದ ವಿಂಗಡಣಿನಽ ಇಲ್ಲೂ ಅದ ನೋಡ್ರಿ.

ಎಲ್ಲಾರೂ ಮಿಸ್ತ್ರಿ ಆದ ಕಾಲ

1908ರಾಗ ಫೋರ್ಡ್ ಕಂಪನಿ ಮಾಡೆಲ್ ಟಿ ಗಾಡಿ ತಂತು. 1927ರ ತನಕ ಒಂದೂವರಿ ಕೋಟಿ ಗಾಡಿ ಆದವು. ಸಾದಾ ಗಾಡಿ, ಹಳ್ಳಿ ರೈತರ ಕೈಗೂ ಸಿಗ್ತು. ಕಬ್ಬಿಣದ ಕೆಲಸ ಗೊತ್ತಿದ್ದ ರೈತ ತನ್ನ ಗಾಡಿ ತಾನಽ ಬಿಚ್ಚಿ ಜೋಡಸ್ತಿದ್ದ. ಹಿಂದಿನ ಗಾಲಿ ಎತ್ತಿ ನಿಲ್ಲಿಸಿ, ಅದಕ್ಕ ಬೆಲ್ಟು ಹಾಕಿ ಕಟ್ಟಿಗಿ ಕೊಯ್ಯಲಿಕ್ಕೆ, ನೀರು ಎತ್ತಲಿಕ್ಕೆ, ಬೆಣ್ಣಿ ಕಡೀಲಿಕ್ಕೆ, ಅರಬಿ ಒಗಿಯೋ ಮಷೀನ್ ತಿರಗಸಲಿಕ್ಕೂ ಉಪಯೋಗಿಸ್ತಿದ್ರು. ಅಲ್ಲೆ ದೋಸ್ತ ಅಂದ್ರ ಮಗ್ಗಲ ಹೊಲದವ. ಇವತ್ತು ಅವ ಇವನ ಗಾಡಿಗೆ ಕೈ ಹಚ್ಚಿದ, ನಾಳೆ ಇವ ಅವನ ರಾಶಿಗೆ ಹೋದ. ನಮ್ಮ ಹಳ್ಳ್ಯಾಗಿನ ಮುಯ್ಯಾಳ ಪದ್ಧತಿ ಇದ್ದಂಗ. ಇಬ್ಬರಿಗೂ ಗಾಡಿ ಒಳಗ ಏನದ ಅಂತ ಸರಿಸಮ ಗೊತ್ತಿತ್ತು, ಋಣ ಅಲ್ಲೇ ತೀರ್ತಿತ್ತು. ದೋಸ್ತಿ ರಿಪೇರಿ ಛಲೋ ನಡೀಲಿಕ್ಕೆ ಈ ಎರಡೂ ಬೇಕಾಗಿದ್ದವು.

ಮುಂದ ಗಾಡಿ ದೊಡ್ಡದಾತು, ಮಂದಿ ಪ್ಯಾಟಿಗೆ ಬಂದ್ರು, ಗುರತ ಇಲ್ಲದ ಗ್ಯಾರೇಜಿಗೆ ಗಾಡಿ ಕೊಡೋದು ಶುರು ಆತು. 1941ರಾಗ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಒಂದು ಪರೀಕ್ಷಾ ಮಾಡ್ತು. ಒಬ್ಬ ಗಂಡಸು, ಒಬ್ಬಾಕಿ ಹೆಣ್ಣಮಗಳು ಅಮೇರಿಕದ ತುಂಬ ತಿರುಗ್ಯಾಡಿದ್ರು. ಗ್ಯಾರೇಜು ಬಂದ ಕೂಡಲೆ ಕಾಯಿಲ್ ವಾಯರ್ ಒಂದನ್ನ ಬೇಕಂತ ಸಡಿಲ ಮಾಡಿ ಒಳಗ ಹೋಗೋದು. ವಾಯರ್ ವಾಪಸ್ ಸಿಗಿಸಿದ್ರ ಮುಗೀತು, ಒಂದು ನಿಮಿಷದ ಕೆಲಸ. 347 ಗ್ಯಾರೇಜಿನಾಗ 129 ಮಂದಿ ಇದ್ದದ್ದು ಇದ್ದಂಗ ಹೇಳಿದ್ರು. ಉಳದ 218 ಮಂದಿ ಇಲ್ಲದ ರೋಗ ಹೇಳಿದ್ರು, ಇಲ್ಲಾ ಮಾಡದ ಕೆಲಸಕ್ಕ ರೊಕ್ಕ ತಗೊಂಡ್ರು. ನೂರರಾಗ ಅರವತ್ಮೂರು ಮಂದಿ! ಅದಕ್ಕಽ ಮಂದಿ "ಗುರತಿನವ್ರು ಯಾರರೆ ಇದ್ರ ಹೇಳ್ರಿ" ಅಂತ ಹುಡುಕೋದು. ಅದು ತಪ್ಪಲ್ಲ. ಮೋಸದ ಅಂಜಿಕಿಯಿಂದ ಹುಟ್ಟಿದ ಶಾಣ್ಯಾತನ ಅದು.

ನಮ್ಮ ದೇಶದ ಗಾಡಿ, ನಮ್ಮ ಮಿಸ್ತ್ರಿ

ನಮ್ಮಲ್ಲಿ ಕಾರು ಆಗಬೇಕು ಅಂತ 1930ರ ದಶಕದಾಗಽ ಯೋಜನಾ ಬರದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಡೆಟ್ರಾಯಿಟ್‌ನ ಕಾರ್ಖಾನಿ ಖುದ್ದು ನೋಡಿ ಬಂದಿದ್ರು. ಅವರೂ ವಾಲಚಂದ ಹೀರಾಚಂದ ಅವರೂ ಬೆಂಗಳೂರಾಗ ಕಾರ್ಖಾನಿ ತಗೀಬೇಕು ಅಂತ ಭಾಳ ಓಡ್ಯಾಡಿದ್ರು. ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ, ಬೆಂಗಳೂರಿಗೆ ಕಾರ್ಖಾನಿ ಬರಲಿಲ್ಲ. 1942ರಾಗ ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್ ಶುರು ಆತು. 1944ರಾಗ ವಾಲಚಂದ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈದಾಗ ಶುರು ಆತು.

ಅಂಬಾಸಿಡರ್, ಫಿಯಾಟ್ ಅಂದ್ರ ನಮ್ಮ ವಯಸ್ಸಿನವರಿಗೆಲ್ಲಾ ನೆನಪದ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡೀನಽ ನಮ್ಮಲ್ಲೆ ಅಂಬಾಸಿಡರ್ ಆಗಿ ಐವತ್ತರ ದಶಕದ ಕೊನಿಯಿಂದ 2014ರ ತನಕ ತಯಾರಾತು. ಅಷ್ಟು ವರ್ಷ ಒಳಗಿನ ಕಟ್ಟಣಿ ಭಾಳ ಬದಲಾಗಲಿಲ್ಲ. ಬುಕ್ ಮಾಡಿದ್ರ ವರ್ಷಗಟ್ಟಲೆ ಕಾಯಬೇಕು, ಸಿಕ್ಕ ಮ್ಯಾಲೆ ಅದನ್ನ ಸಾಯೋತನಕ ಬಾಳಸಬೇಕು. ಅದಕ್ಕ ಊರಿಗೊಬ್ಬ ಅಂಬಾಸಿಡರ್ ಮಿಸ್ತ್ರಿ ತಯಾರಾದ. ಬಾನೆಟ್ ಎತ್ತಿದ್ರ ಎಲ್ಲಾ ಕಣ್ಣಿಗೆ ಕಾಣೋದು. ಪಾಯಿಂಟ್ ಉಜ್ಜೋದು, ಕಾರ್ಬೊರೇಟರ್ ಊದೋದು, ಫ್ಯಾನ್ ಬೆಲ್ಟ್ ಹಾಕೋದು ಎಷ್ಟೋ ಮನೀ ಗಂಡಸರಿಗೂ ಬರ್ತಿತ್ತು. ಡಿಕ್ಕ್ಯಾಗ ಪಾನಾ, ವಾಯರ್ ತುಂಡು, ನೀರಿನ ಕ್ಯಾನು ಇಲ್ಲದ ಗಾಡಿ ಊರ ಹೊರಗ ಹೋಗ್ತಿರಲಿಲ್ಲ. ಮಿಸ್ತ್ರಿ ಅಂದ್ರ ಅರ್ಧ ದೋಸ್ತ ಇದ್ದಂಗ. ಮದಿವಿ ಕಾಗದ ಅವಂಗೂ ಹೋಗೋದು.

1983ರ ಡಿಸೆಂಬರ್‌ನಾಗ ಮಾರುತಿ 800 ಬಂತು. ಮುಂದ ಹೊಗಿ ಕಡಿಮಿ ಮಾಡೋ ಕಾನೂನು ಬಂದ ಹಂಗ ಕಾರ್ಬೊರೇಟರ್ ಹೋತು, ಸೆನ್ಸರ್ ಬಂದವು, ಗಾಡಿ ಒಳಗ ಕಂಪ್ಯೂಟರ್ ಕೂತ್ಗೊಂತು. ಈಗ ಬಾನೆಟ್ ಎತ್ತಿದ್ರ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣ್ತದ, ಅಷ್ಟಽ. ರೋಗ ಏನಂತ ತಿಳೀಲಿಕ್ಕೆ ಸ್ಕ್ಯಾನರ್ ಹಚ್ಚಬೇಕು. ಅಸಲಿ ಸಾಮಾನು, ಆ ಸ್ಕ್ಯಾನರ್ ಎರಡೂ ಕಂಪನಿ ಶೋರೂಮಿನವರ ಕಡೆನಽ ಉಳೀಲಿಕ್ಕೆ ಹತ್ತಿದವು, ನಮ್ಮ ಹಳೇ ಮಿಸ್ತ್ರಿ ಕೈ ಕಟ್ಟಿದಂಗ ಆತು. ಈ ವಿಷಯ ದಿಲ್ಲಿಯ ಸ್ಪರ್ಧಾ ಆಯೋಗದ ತನಕ ಹೋತು. 2014ರ ಆಗಸ್ಟ್‌ನಾಗ ಆಯೋಗದವರು 14 ಕಾರು ಕಂಪನಿಗೆ ಕೂಡಿಸಿ 2,544 ಕೋಟಿ ರೂಪಾಯಿ ದಂಡ ಹಾಕಿದ್ರು. ಹೊರಗಿನ ಗ್ಯಾರೇಜಿಗೂ ಬಿಡಿ ಸಾಮಾನು, ರಿಪೇರಿ ಮಾಹಿತಿ ಸಿಗಬೇಕು, ಹೊರಗ ರಿಪೇರಿ ಮಾಡಿಸಿದ್ರು ಅಂತ ಅಷ್ಟಕ್ಕಽ ವಾರಂಟಿ ರದ್ದು ಮಾಡೋ ಹಂಗಿಲ್ಲ ಅಂತ ಹೇಳಿದ್ರು. ಕಂಪನಿಯವರು ಅದರ ಮ್ಯಾಲೆ ಮತ್ತ ಮ್ಯಾಲಿನ ಕೋರ್ಟಿಗೆ ಹೋದ್ರು. ಆದ್ರ ಗಾಡಿ ಕೊಂಡವರಿಗೆ ತಮಗ ಬೇಕಾದವರ ಕಡೆ ರಿಪೇರಿ ಮಾಡಸೋ ಹಕ್ಕು ಅದ ಅನ್ನೋ ಮಾತು ಸಣ್ಣದಲ್ಲ.

ದೋಸ್ತಿ ಎಲ್ಲಿ ಕೆಡ್ತದ

ಇತಿಹಾಸ ಇಷ್ಟಾತು. ಈಗ ನಮ್ಮ ಬಳಗದಾಗಿನ ಒಂದು ಮನೀ ಮಾತು ಹೇಳ್ತೀನಿ, ಹೆಸರು ಬ್ಯಾಡ. ಅವರ ಗಾಡಿ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಇಪ್ಪತ್ತು ವರ್ಷದ ದೋಸ್ತ, ಕೈ ಛಲೋ ಅದ, "ರೊಕ್ಕದ ಮಾತಾಡಬ್ಯಾಡ, ನಾ ಮಾಡ್ತೀನಿ" ಅಂದ. ರವಿವಾರಕ್ಕೊಮ್ಮೆ ಕೂತು ಇಂಜಿನ್ ಬಿಚ್ಚಿದ. ಹೆಡ್ ಸೊಟ್ಟ ಆಗಿತ್ತು, ಮಷೀನ್ ಶಾಪಿಗೆ ಕೊಟ್ಟು ಸಪಾಟ ಮಾಡಸಬೇಕಿತ್ತು. ಅದಕ್ಕ ರೊಕ್ಕ ಕೇಳಲಿಕ್ಕೆ ಅವಂಗ ಸಂಕೋಚ. "ಯಾವಾಗ ಆಗ್ತದೋ" ಅಂತ ಕೇಳಲಿಕ್ಕೆ ಇವರಿಗೆ ಸಂಕೋಚ. ನಾಕು ತಿಂಗಳ ಗಾಡಿ ಅವರ ಅಂಗಳದಾಗ ತಾಡಪತ್ರಿ ಹೊದ್ದು ನಿಂತಿತು. ಸಣ್ಣ ಬೋಲ್ಟು ಕಳದವು. ಕೊನಿಗೆ ಗಾಡಿ ಎಳಿಸಿಕೊಂಡು ಬ್ಯಾರೆ ಕಡೆ ಒಯ್ದ್ರು. ಅವನ ಹೆಂಡ್ತಿ, ಇವರ ಹೆಂಡ್ತಿ ವರ್ಷಾ ಬ್ಯಾಸಗ್ಯಾಗ ಕೂಡಿ ಹಪ್ಪಳ ಶಂಡಗಿ ಮಾಡ್ತಿದ್ರು. ಈಗ ಇಬ್ಬರೂ ಬ್ಯಾರೆ ಬ್ಯಾರೆ ಮಾಳಗಿ ಮ್ಯಾಲೆ ಒಣಗಿಸ್ತಾರ.

ಅಲ್ಲೆ ಯಾರೂ ಮೋಸ ಮಾಡಲಿಲ್ಲ. ಆ ದೋಸ್ತ ಒಂದು ರೂಪಾಯಿ ತಿನ್ನಲಿಲ್ಲ, ಗ್ಯಾಸ್ಕೆಟ್ಟು ತನ್ನ ಕಿಸೆದಾಗಿಂದಽ ತಂದಿದ್ದ. 1941ರ ಆ 218 ಗ್ಯಾರೇಜಿನವರಿಗೂ ಅವಂಗೂ ಸಂಬಂಧ ಇಲ್ಲ. ಗುರತಿಲ್ಲದವನ ಕಡೆ ಹೋದ್ರ ಮೋಸದ ಅಂಜಿಕಿ, ಆದ್ರ ಕೇಳಲಿಕ್ಕೆ ಬಾಯಿ ಇರ್ತದ. ದೋಸ್ತನ ಕಡೆ ಮೋಸದ ಅಂಜಿಕಿ ಇಲ್ಲ, ಆದ್ರ ಕೇಳೋ ಬಾಯಿ ಕಟ್ತದ. ಮಾಡೆಲ್ ಟಿ ಕಾಲದ ರೈತರಿಗೆ ಋಣ ತೀರಸಲಿಕ್ಕೆ ರಾಶಿ ಇತ್ತು. ನಮ್ಮಲ್ಲೆ ಕಾರಿನ ಕೆಲಸಕ್ಕ ತಿರುಗಿ ಏನು ಕೊಡೋದು? ಒಂದು ಡಬ್ಬಿ ಬುಂದೇ ಉಂಡಿ ಕೊಟ್ರ ಇಂಜಿನ್ ಬಿಚ್ಚಿದ ಋಣ ತೀರಂಗಿಲ್ಲ.

ಹಂಗಂತ ಹುಡುಗ್ರು ತಾವಽ ಬಿಚ್ಚೋದು ಛಲೋ ಅಂತ ಅಲ್ಲ. ಗಾಡಿ ಜೋಡಿ ಬರೋ ಜ್ಯಾಕು ಗಾಲಿ ಬದಲಿ ಮಾಡಲಿಕ್ಕೆ ಮಾತ್ರ. ಅದರ ಮ್ಯಾಲೆ ನಿಂತ ಗಾಡಿ ಕೆಳಗ ಮೈ ಹಾಕಿದ್ರ ಜೀವದ ಪ್ರಶ್ನೆ. ಬ್ರೇಕ್ ಪೈಪಿನಾಗ ಗಾಳಿ ಉಳೀತು ಅಂದ್ರ ಪೆಡಲ್ ಮೆತ್ತಗ ಒಳಗ ಹೋಗ್ತದ, ಗಾಡಿ ನಿಲ್ಲಂಗಿಲ್ಲ. ಎಷ್ಟೋ ಇಂಜಿನ್‌ನಾಗ ಟೈಮಿಂಗ್ ಬೆಲ್ಟು ಹಲ್ಲು ತಪ್ಪಿ ಕೂತ್ರ ವಾಲ್ವ್ ಬಗ್ಗಿ ಹೋಗ್ತಾವ. ಕಾದ ರೇಡಿಯೇಟರ್ ಮುಚ್ಚಳ ತಗದ್ರ ಮಾರಿ ಸುಡ್ತದ. ವಿಡಿಯೋದಾಗ ಇದೆಲ್ಲಾ ಹತ್ತು ನಿಮಿಷದಾಗ ಮುಗೀತದ, ಅಂಗಳದಾಗ ಹಂಗ ಮುಗಿಯಂಗಿಲ್ಲ.

ಅದಕ್ಕ ನಾನು ಬರ್ಥಾನ ವಿಂಗಡಣಿಗೇ ಬರ್ತೀನಿ. ಸ್ಟೆಪ್ನಿ ಹಾಕೋದು, ಆಯಿಲ್ ಕಡ್ಡಿ ನೋಡೋದು, ವೈಪರ್ ಪಟ್ಟಿ, ಬಲ್ಬು, ಬ್ಯಾಟರಿ ತುದಿ ಒರಸೋದು ನಮ್ಮ ಕೆಲಸ. ಹೆಣ್ಣಮಕ್ಕಳೂ ಕಲೀಬೇಕು. ಇಂಗ್ಲೆಂಡಿನ ರಾಣಿ ಎಲಿಜಬೆತ್ 1945ರಾಗ, ಇನ್ನೂ ರಾಜಕುಮಾರಿ ಇದ್ದಾಗ, ಸೈನ್ಯದ ಹೆಣ್ಣಮಕ್ಕಳ ದಳ ಸೇರಿ ಲಾರಿ ಹೊಡಿಯೋದು, ಗಾಲಿ ಬದಲಿ ಮಾಡೋದು, ಇಂಜಿನ್ ಕೆಲಸ ಎಲ್ಲಾ ಕಲ್ತಿದ್ರು. ನಮಗೇನು ಧಾಡಿ? ಬ್ರೇಕು, ಸ್ಟೀರಿಂಗು, ಇಂಜಿನ್ ಒಳಗಿನ ಕೆಲಸ ಮಾತ್ರ ದಿನಾ ಅದನ್ನಽ ಮಾಡೋವ್ರಿಗೆ, ಗಾಡಿ ಎತ್ತೋ ಸಲಕರಣಿ ಇದ್ದವರಿಗೆ ಕೊಡಬೇಕು. ಅಂಥಾವ ದೋಸ್ತ ಇದ್ರ ಅವಂಗಽ ಕೊಡ್ರಿ, ಆದ್ರ ಪೂರಾ ಮಜೂರಿ ಕೊಡ್ರಿ. "ಅವರು ತಗೊಳ್ಳಂಗಿಲ್ಲ" ಅಂದ್ರ ಬ್ಯಾರೆಯವರಿಗೆ ಕೊಡ್ರಿ, ದೋಸ್ತಗ ಆ ಗ್ಯಾರೇಜಿಗೆ ಜೋಡಿ ಬರಲಿಕ್ಕೆ ಹೇಳ್ರಿ. ತಿಳದಾಂವ ಒಬ್ಬ ಮಗ್ಗಲಿಗೆ ನಿಂತ್ರ ಇಲ್ಲದ ರೋಗ ಹೇಳೋದು ಕಡಿಮಿ ಆಗ್ತದ. ದೋಸ್ತನ ತಿಳವಳಿಕಿ ಉಪಯೋಗ ಆತು, ದೋಸ್ತಿನೂ ಉಳೀತು.

ಗಾಡಿ ಬಿಡೋಕಿಂತ ಮೊದಲು ಏನೇನು ಕೆಲಸ, ಎಷ್ಟು ರೊಕ್ಕ, ಎಂದು ಕೊಡ್ತಾರ ಅಂತ ಒಂದು ಹಾಳಿ ಮ್ಯಾಲೆ ಬರಸ್ರಿ. ದೋಸ್ತನಿದ್ರೂ ಬರಸ್ರಿ, ದೋಸ್ತನಿದ್ರಂತೂ ಖರೇನಽ ಬರಸ್ರಿ. ತಗದ ಹಳೇ ಸಾಮಾನು ಡಿಕ್ಕ್ಯಾಗ ಹಾಕಿ ಕೊಡಲಿಕ್ಕೆ ಹೇಳ್ರಿ. ಹೊಸಾದು ಕೂಡಿಸ್ಯಾರೋ ಇಲ್ಲೋ ಅದರಿಂದ ತಿಳೀತದ.

ಇನ್ನೊಂದು ಕೆಲಸ ನಮ್ಮಿಂದಽ ಆಗೋದದ. ಬರ್ಥಾ ಊರು ತಿರುಗಿ ಬಂದ ಮ್ಯಾಲೆ ಏರು ದಾರ್ಯಾಗ ಗಾಡಿ ಏರಂಗಿಲ್ಲ, ಮಕ್ಕಳು ಇಳದು ದೂಡಬೇಕಾತು ಅಂತ ಗಂಡಗ ಹೇಳಿದಳು. ಕಾರ್ಲ್ ಅವರು ಆಮ್ಯಾಲೆ ಏರು ಹತ್ತಲಿಕ್ಕೆ ಇನ್ನೊಂದು ಗೇರು ಕೂಡಿಸಿದ್ರು. ಗಾಡಿ ಒಳಗ ಕೂತಾಕಿಗೆ ತಿಳಿಯೋದು ಹೊರಗ ನಿಂತಾಂವಗ ತಿಳಿಯಂಗಿಲ್ಲ. ನಾವು ಹಿಂದಿನ ಸೀಟಿನಾಗ ಕೂತವರಿಗೆ ಯಾವ ಗಾಲಿ ಕಡಿಂದ ಸಪ್ಪಳ ಬರ್ತದ, ಬ್ರೇಕ್ ಹಾಕಿದಾಗ ಬರ್ತದೋ ತಿರುವಿನಾಗ ಬರ್ತದೋ, ಸುಟ್ಟ ವಾಸನಿ ಮುಂಜಾನೆ ಬರ್ತದೋ ಘಾಟ್ ಇಳಿಯೋವಾಗ ಬರ್ತದೋ ಎಲ್ಲಾ ಗೊತ್ತಿರ್ತದ. ಅದನ್ನ ಕಿರಾಣಿ ಚೀಟಿ ಬರದಂಗ ಒಂದು ಚೀಟಿ ಮ್ಯಾಲೆ ಬರದು ಗಾಡಿ ಜೋಡಿ ಕಳಸ್ರಿ. ಮಿಸ್ತ್ರಿಗೆ ಅದರಷ್ಟು ಉಪಯೋಗದ ಮಾತು ಬ್ಯಾರೆ ಯಾರೂ ಹೇಳಂಗಿಲ್ಲ.